ಗ್ಯಾಸಿಗೆ ‘ಯಾ’, ಗ್ಲಾಸಿಗೆ ‘ಆ’: ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಈ ಸಲ ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳುತ್ತಿವೆ. ಇಂಗ್ಲಿಷ್ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ ಯಾಕೆ ಕೇಳಿಸುತ್ತದೆ, ತಿನ್ನುವ ಪದಾರ್ಥಕ್ಕೆ ದೇಶಕ್ಕೊಂದು ಹೆಸರು ಯಾಕೆ ಅಂತ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಈ ಸಲ ಇದನ್ನೇ ಮಾತಾಡೋಣ.

ಪ್ರಶ್ನೆ: ಮೇಷ್ಟ್ರೇ, ಅರಸೀಕೆರೆ ಹತ್ತಿರದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಬಾತ್‌ಗೆ ‘ಬ್ಯಾತ್’, ಆಸ್ಕ್‌ಗೆ ‘ಆ್ಯಸ್ಕ್’, ಗ್ರಾಸ್‌ಗೆ ‘ಗ್ರ್ಯಾಸ್’ ಅನ್ನುತ್ತಾಳೆ. ಮೊಬೈಲ್ ನೋಡಿ ಕಲಿತದ್ದು. ಎಲ್ಲರೆದುರು ತಿದ್ದಿದೆ, ಅತ್ತುಬಿಟ್ಟಳು. ನಾನು ಮಾಡಿದ್ದು ಸರಿಯೇ? ಒಂದೇ ‘ಎ’ ಅಕ್ಷರಕ್ಕೆ ಇಷ್ಟೊಂದು ಸ್ವರ ಯಾಕೆ ಅಂತ ಮಕ್ಕಳು ಕೇಳಿದರೆ ಏನು ಹೇಳಲಿ? (ಶಿಕ್ಷಕಿ, ಅರಸೀಕೆರೆ ತಾಲ್ಲೂಕು)

ಉತ್ತರ: ಮೇಡಂ, ಆ ಹುಡುಗಿ ಹೇಳಿದ್ದು ತಪ್ಪಲ್ಲ. ನೀವು ಹೇಳಿಕೊಟ್ಟಿದ್ದೂ ತಪ್ಪಲ್ಲ. ಅವಳದ್ದು ಅಮೆರಿಕದ ಸ್ವರ, ನಿಮ್ಮದು ಲಂಡನ್ ಸುತ್ತಮುತ್ತಲಿನ ದಕ್ಷಿಣ ಇಂಗ್ಲೆಂಡಿನ ಸ್ವರ. ನಾಳೆ ಕ್ಲಾಸಿಗೆ ಹೋದ ತಕ್ಷಣ ಅವಳಿಗೆ ಇದನ್ನು ಹೇಳಿಬಿಡಿ. ತಿದ್ದಿದ್ದು ಎಲ್ಲರೆದುರು ಅಲ್ವಾ, ಇದನ್ನೂ ಎಲ್ಲರೆದುರೇ ಹೇಳಿ.

ಇಂಗ್ಲೆಂಡಿನಲ್ಲಿ ಈ ಪದಗಳಿಗೆಲ್ಲ ಮೊದಲು ಗಿಡ್ಡ ಸ್ವರವೇ ಇತ್ತು. 17, 18ನೇ ಶತಮಾನದಲ್ಲಿ ದಕ್ಷಿಣದ ಜನ ಅದನ್ನು ಎಳೆಯಲು ಶುರುಮಾಡಿದರು. ಎಳೆದೆಳೆದು ಅದು ‘ಆ’ ಆಯಿತು. ಆದರೆ ಅಷ್ಟರಲ್ಲಿ ಎಷ್ಟೋ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ ನೆಲೆಸಿದ್ದರು, ಅವರ ಜೊತೆ ಹೋದ ಗಿಡ್ಡ ಸ್ವರ ಅಲ್ಲೇ ಉಳಿಯಿತು. ಉತ್ತರ ಇಂಗ್ಲೆಂಡಿನವರೂ ಅದನ್ನು ಬಿಡಲಿಲ್ಲ. ಆಮೇಲೆ ಬ್ರಿಟಿಷರು ಹೋಗಿ ಕೂತ ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಎಳೆದ ಸ್ವರ ಹೋಯಿತು. ನಮಗೂ ಅದೇ ಬಂತು.

ಬೇಕಾದರೆ ನಮ್ಮ ಕನ್ನಡವನ್ನೇ ಕೇಳಿ ನೋಡಿ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಇಂಗ್ಲಿಷಿನ ಒಂದಕ್ಷರ ಓದದವರೂ ಗ್ಲಾಸು, ಕ್ಲಾಸು, ಪಾಸು ಅನ್ನುತ್ತಾರೆ. ಅದೇ ಜನ ಗ್ಯಾಸು, ಬ್ಯಾಗು, ಬ್ಯಾಂಕು, ಪ್ಯಾಂಟು ಅನ್ನುತ್ತಾರೆ. ಯಾರೂ ‘ಗ್ಲ್ಯಾಸು’ ಅನ್ನುವುದಿಲ್ಲ, ಯಾರೂ ‘ಗಾಸು’ ಅನ್ನುವುದಿಲ್ಲ. ಬರೆಯುವಾಗ ಎರಡಕ್ಕೂ ಅದೇ ‘ಎ’, ಪಕ್ಕದಲ್ಲಿ ಅದೇ ‘ಎಸ್’. ದಕ್ಷಿಣ ಇಂಗ್ಲೆಂಡಿನವರು ಯಾವ ಪದದಲ್ಲಿ ಎಳೆದರು, ಯಾವುದರಲ್ಲಿ ಎಳೆಯಲಿಲ್ಲ ಅನ್ನುವ ಲೆಕ್ಕವನ್ನು ನಮ್ಮ ಕಂಡಕ್ಟರು, ಹೋಟೆಲಿನವರು, ತೋಟದ ಆಳುಗಳು ಕಿವಿಯಿಂದಲೇ ಹಿಡಿದು ಇಷ್ಟು ತಲೆಮಾರು ಸರಿಯಾಗಿ ಕಾಪಾಡಿಕೊಂಡು ಬಂದಿದ್ದಾರೆ. ನನಗಂತೂ ಇದು ಬಹಳ ದೊಡ್ಡ ವಿಷಯ. ಚಿಕ್ಕಮಗಳೂರಿಗೆ ಹೋದರೆ ತೋಟದ ಮಾಲೀಕರು ‘ಪ್ಲಾಂಟರ್’. ಅಮೆರಿಕದವನ ಬಾಯಲ್ಲಿ ಅದು ‘ಪ್ಲ್ಯಾಂಟರ್’. 19ನೇ ಶತಮಾನದಲ್ಲಿ ಇಲ್ಲಿ ಕಾಫಿ ತೋಟ ಮಾಡಿದ ಬ್ರಿಟಿಷರ ‘ಆ’ ಇನ್ನೂ ನಮ್ಮ ಬಾಯಲ್ಲಿದೆ. ಡ್ಯಾನ್ಸ್ ಒಂದು ಮಾತ್ರ ನಮ್ಮಲ್ಲಿ ಎರಡೂ ಥರ ಓಡಾಡುತ್ತದೆ. ಆಸ್ಟ್ರೇಲಿಯಾದಲ್ಲೂ ಹಾಗೇ. ಅಲ್ಲಿ ಗ್ರಾಸ್ ಎಲ್ಲರಿಗೂ ಗ್ರಾಸೇ, ಡಾನ್ಸ್ ಮಾತ್ರ ಊರಿಂದೂರಿಗೆ ಬದಲಾಗುತ್ತದೆ.

ಇನ್ನು ಮಕ್ಕಳ ಪ್ರಶ್ನೆ. ಇಂಗ್ಲಿಷಿನಲ್ಲಿ ಸ್ವರಕ್ಕೆ ಅಕ್ಷರ ಐದು, ಬಾಯಲ್ಲಿ ಬರುವ ಸ್ವರ ಸುಮಾರು 20. ಸಾಲದ್ದಕ್ಕೆ ಹೆಚ್ಚುಕಡಿಮೆ 1400ರಿಂದ 1700ರವರೆಗೆ ಆ ಭಾಷೆಯ ಉದ್ದ ಸ್ವರಗಳೆಲ್ಲ ಜಾಗ ಬದಲಿಸಿದವು. ಈಗಿನ ‘ನೇಮ್’ ಆಗ ನಮ್ಮ ‘ನಾಮ’ ಇದ್ದ ಹಾಗೇ ಇತ್ತು. ‘ಮೌಸ್’ ಆಗ ‘ಮೂಸ್’. ಇದು ನಡೆಯುತ್ತಿದ್ದಾಗಲೇ, 1476ರಲ್ಲಿ, ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ. ಬರಹ ನಿಧಾನಕ್ಕೆ ಅಚ್ಚಿನಲ್ಲಿ ಗಟ್ಟಿಯಾಯಿತು, ಬಾಯಿ ಮುಂದಕ್ಕೆ ಹೋಯಿತು. ಮಕ್ಕಳಿಗೆ ‘ನೇಮ್’ ಮತ್ತು ‘ನಾಮ’ ಎರಡನ್ನೂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು ತೋರಿಸಿ, ಅವು ನಿಜಕ್ಕೂ ಒಂದೇ ಬೇರಿನ ಪದಗಳು.

ಪಾಠ ಮಾಡುವಾಗ ನಿಮ್ಮ ‘ಆ’ ಹಿಡಿದೇ ಮಾಡಿ. ಎರಡೂ ಬೆರೆಸಿದರೆ ಮಕ್ಕಳಿಗೆ ಗೊಂದಲ. ಇನ್ನೊಂದು ಥರ ಹೇಳಿದ ಮಗುವಿಗೆ ಮಾರ್ಕ್ಸ್ ಮಾತ್ರ ಕಳೆಯಬೇಡಿ.

ಪ್ರಶ್ನೆ: ಮೇಷ್ಟ್ರೇ, ಮೂಡಿಗೆರೆ ಹತ್ತಿರ ನಮ್ಮದೊಂದು ಚಿಕ್ಕ ಹೋಂಸ್ಟೇ ಇದೆ. ಅಡುಗೆ ನಾನೇ ಮಾಡುತ್ತೇನೆ. ಹೋದ ತಿಂಗಳು ಅಮೆರಿಕದ ದಂಪತಿ, ಇಂಗ್ಲೆಂಡಿನ ಒಬ್ಬ ಅಜ್ಜಿ ಒಟ್ಟಿಗೇ ಇದ್ದರು. ಮೆನುವಿನಲ್ಲಿ ಬ್ರಿಂಜಾಲ್ ಪಲ್ಯ, ಲೇಡೀಸ್ ಫಿಂಗರ್ ಫ್ರೈ, ಕ್ಯಾಪ್ಸಿಕಮ್, ಕರ್ಡ್, ಮಟನ್ ಅಂತೆಲ್ಲ ಬರೆದಿದ್ದೆ. ಅರ್ಧ ಯಾರಿಗೂ ಅರ್ಥವಾಗಲಿಲ್ಲ. ಬದನೆಕಾಯಿ ತಂದು ತೋರಿಸಿದರೆ ಇವರೊಂದು ಹೆಸರು, ಅವರೊಂದು ಹೆಸರು! ನನ್ನ ಇಂಗ್ಲಿಷ್ ಅಷ್ಟು ತಪ್ಪಾ? ಯಾವ ಹೆಸರು ಬರೆಯಲಿ? (ಗೃಹಿಣಿ, ಮೂಡಿಗೆರೆ)

ಉತ್ತರ: ಅಮ್ಮಾ, ನಿಮ್ಮ ಇಂಗ್ಲಿಷ್ ಸರಿಯಾಗಿಯೇ ಇದೆ. ಅದು ಭಾರತದ ಇಂಗ್ಲಿಷ್, ಅಷ್ಟೇ. ನಿಮ್ಮ ಬದನೆಕಾಯಿಂದಲೇ ಶುರುಮಾಡುತ್ತೇನೆ, ಇದರಷ್ಟು ಊರು ಸುತ್ತಿದ ತರಕಾರಿ ಇನ್ನೊಂದಿಲ್ಲ.

ಸಂಸ್ಕೃತದಲ್ಲಿ ಇದಕ್ಕೆ ‘ವಾತಿಂಗಣ’ ಅಂತ ಒಂದು ಹೆಸರು. ಪರ್ಷಿಯಾಕ್ಕೆ ಹೋಗಿ ‘ಬಾದಿಂಗಾನ್’ ಆಯಿತು. ಅರಬರು ‘ಅಲ್ ಬಾದಿಂಜಾನ್’ ಅಂದರು. ಪೋರ್ಚುಗೀಸರ ಬಾಯಲ್ಲಿ ‘ಬೆರಿಂಜೆಲಾ’, ಅವರು ಅದನ್ನು ತಿರುಗಿ ನಮ್ಮ ಕರಾವಳಿಗೆ ತಂದರು. ಅದರಿಂದಲೇ ನಮ್ಮ ‘ಬ್ರಿಂಜಾಲ್’. ಅದೇ ಅರಬ್ಬಿ ಪದ ಸ್ಪೇನಿನ ಕತಲಾನ್ ಭಾಷೆ ಹೊಕ್ಕು, ಅಲ್ಲಿಂದ ಫ್ರೆಂಚಿಗೆ ಹೋಗಿ ‘ಓಬರ್ಜೀನ್’ ಆಯಿತು. ಇಂಗ್ಲೆಂಡಿನ ಅಜ್ಜಿ ಹೇಳಿದ್ದು ಅದನ್ನೇ ಇರಬೇಕು. ಅಮೆರಿಕದವರು ‘ಎಗ್‌ಪ್ಲಾಂಟ್’ ಅಂದಿರುತ್ತಾರೆ, ಯಾಕೆಂದರೆ 18ನೇ ಶತಮಾನದಲ್ಲಿ ಯೂರೋಪಿನವರು ನೋಡಿದ ಒಂದು ತಳಿ ಬೆಳ್ಳಗೆ, ಗುಂಡಗೆ, ಥೇಟ್ ಮೊಟ್ಟೆ ಥರ ಇತ್ತು. ಹಾಗಾಗಿ ಬ್ರಿಂಜಾಲ್, ಓಬರ್ಜೀನ್ ಅಕ್ಕತಂಗಿಯರು. ನಾವು ವಾಂಗಿಬಾತ್ ಅನ್ನುವಾಗ ಬರುವ ಮರಾಠಿಯ ‘ವಾಂಗಿ’ಯೂ ಆ ಮನೆತನದ್ದೇ. ಎಗ್‌ಪ್ಲಾಂಟ್ ಮಾತ್ರ ಹೊರಗಿನಿಂದ ಬಂದ ಸೊಸೆ.

ಬೆಂಡೆಕಾಯಿಗೆ ‘ಓಕ್ರ’ ಅಂತ ಬರೆಯಿರಿ. ಅದು ಪಶ್ಚಿಮ ಆಫ್ರಿಕಾದಿಂದ ಬಂದ ಪದ, ಈಗ ಎಲ್ಲ ಕಡೆ ಗೊತ್ತು. ‘ಲೇಡೀಸ್ ಫಿಂಗರ್’ ಇಂಗ್ಲೆಂಡಿನಲ್ಲಿ ಕೆಲವರಿಗೆ ಗೊತ್ತಿರುತ್ತದೆ. ಅಮೆರಿಕದಲ್ಲಿ ‘ಲೇಡಿ ಫಿಂಗರ್’ ಅಂದರೆ ಬೆರಳುದ್ದದ ಒಂದು ಮೆತ್ತನೆಯ ಸಿಹಿ ಬಿಸ್ಕತ್ತು. ಅದನ್ನು ಒಗ್ಗರಣೆ ಹಾಕಿ ಹುರಿದಿದ್ದೀರಿ ಅಂತ ಅವರು ತಿಳಿದುಕೊಂಡರೆ ತಪ್ಪೇನಿಲ್ಲ. ಹಾಗೆ ನೋಡಿದರೆ ‘ಬಿಸ್ಕೆಟ್’ ಅನ್ನುವುದೂ ಅಲ್ಲಿ ಬೇರೆ. ನಮ್ಮ ಬಿಸ್ಕತ್ತಿಗೆ ಅವರು ಡಚ್ ಭಾಷೆಯಿಂದ ಬಂದ ‘ಕುಕಿ’ ಅನ್ನುತ್ತಾರೆ. ಅವರ ಬಿಸ್ಕೆಟ್ ಬೆಳಗ್ಗೆ ಗ್ರೇವಿ ಸುರಿದುಕೊಂಡು ತಿನ್ನುವ ಮೆದು ಬನ್ನು.

ದಪ್ಪ ಮೆಣಸಿನಕಾಯಿ ವಿಷಯ ನಿಮ್ಮ ಊರಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಭಾರತ, ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ‘ಕ್ಯಾಪ್ಸಿಕಮ್’. ಇಂಗ್ಲೆಂಡಿನಲ್ಲಿ ಬರೀ ‘ಪೆಪ್ಪರ್’. ಅಮೆರಿಕದಲ್ಲಿ ‘ಬೆಲ್ ಪೆಪ್ಪರ್’. ಪೆಪ್ಪರ್ ಅಂದರೆ ನಿಮ್ಮ ತೋಟದ ಸಿಲ್ವರ್ ಓಕ್ ಮರಕ್ಕೆ ಹಬ್ಬಿಸಿದ ಬಳ್ಳಿಯ ಕಾಳು ತಾನೇ? ಆ ಹೆಸರು ದಪ್ಪ ಮೆಣಸಿನಕಾಯಿಗೆ ಹೇಗೆ ಬಂತು? ಕೊಲಂಬಸ್ ಕಾಳುಮೆಣಸು ಹುಡುಕಿಕೊಂಡು ಹೊರಟವನು. ಅಮೆರಿಕದ ಕಡೆ ಖಾರದ ಕಾಯಿ ಸಿಕ್ಕಿತು, ಅದಕ್ಕೂ ಮೆಣಸಿನ ಹೆಸರೇ ಅಂಟಿತು. ನಾವು ಮಾಡಿದ್ದೂ ಅದೇ ನೋಡಿ. ನಮಗೆ ಮೊದಲಿನಿಂದ ಗೊತ್ತಿದ್ದದ್ದು ಮೆಣಸು. 16ನೇ ಶತಮಾನದಲ್ಲಿ ಪೋರ್ಚುಗೀಸರ ಜೊತೆ ಖಾರದ ಕಾಯಿ ಬಂದಾಗ ಅದನ್ನು ‘ಮೆಣಸಿನಕಾಯಿ’ ಅಂದೆವು. ಆಮೇಲೆ ಅದೇ ಮನೆ ತುಂಬಿಕೊಂಡಿತು, ಹಳೆಯ ಮೆಣಸು ‘ಕಾಳುಮೆಣಸು’ ಅಂತ ಗುರುತು ಹೇಳಿಕೊಳ್ಳಬೇಕಾಯಿತು. ನೀವು ಮೆನುವಿನಲ್ಲಿ ‘ಬೆಲ್ ಪೆಪ್ಪರ್’ ಬರೆಯಿರಿ. ಕಾಳುಮೆಣಸು ಹಾಕಿದ ಅಡುಗೆಗೆ ತಪ್ಪದೆ ‘ಬ್ಲ್ಯಾಕ್ ಪೆಪ್ಪರ್’ ಅಂತ ಬರೆಯಿರಿ, ‘ನಮ್ಮ ತೋಟದ್ದು’ ಅಂತಲೂ ಸೇರಿಸಿ.

ಕರ್ಡ್ ಅಂತ ಬರೆಯಲೇಬೇಡಿ, ‘ಪ್ಲೇನ್ ಯೋಗರ್ಟ್’ ಅನ್ನಿ. ಆ ಕಡೆ ಕರ್ಡ್ ಅಂದರೆ ಚೀಸ್ ಮಾಡುವಾಗ ಹಾಲು ಒಡೆದು ಬರುವ ಗಟ್ಟಿ ಮುದ್ದೆ. ಇಂಗ್ಲೆಂಡಿನ ‘ಲೆಮನ್ ಕರ್ಡ್’ನಲ್ಲಂತೂ ಮೊಸರೇ ಇಲ್ಲ. ನಿಂಬೆರಸ, ಸಕ್ಕರೆ, ಬೆಣ್ಣೆ, ಮೊಟ್ಟೆ ಸೇರಿಸಿ ಕಾಯಿಸಿದ್ದು ಅದು, ಬ್ರೆಡ್ಡಿಗೆ ಸವರಿಕೊಳ್ಳುತ್ತಾರೆ. ಮಟನ್ ಬಗ್ಗೆ ಜಾಸ್ತಿ ಎಚ್ಚರ ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಅದು ಮೇಕೆ ಮಾಂಸ, ಇಂಗ್ಲೆಂಡಿನಲ್ಲಿ ಬಲಿತ ಕುರಿಯದ್ದು. ಮೇಕೆಯದಾದರೆ ‘ಗೋಟ್’ ಅಂತ ನೇರವಾಗಿ ಬರೆಯಿರಿ, ತಿನ್ನುವವರಿಗೆ ಏನು ತಿನ್ನುತ್ತಿದ್ದೇವೆ ಅಂತ ಗೊತ್ತಿರಬೇಕು.

ಕೊತ್ತಂಬರಿ ಸೊಪ್ಪಿಗೆ ಅಮೆರಿಕದಲ್ಲಿ ಸ್ಪ್ಯಾನಿಷಿನ ‘ಸಿಲಾಂಟ್ರೊ’, ಬೀಜಕ್ಕೆ ಮಾತ್ರ ‘ಕೋರಿಯಾಂಡರ್’. ಇಂಗ್ಲೆಂಡಿನಲ್ಲಿ ಎರಡಕ್ಕೂ ಕೋರಿಯಾಂಡರ್. ನಮ್ಮ ಮನೆಗಳಲ್ಲೂ ಸೊಪ್ಪಿಗೆ ಕೊತ್ತಂಬರಿ, ಬೀಜಕ್ಕೆ ಧನಿಯ ಅನ್ನುವವರಿದ್ದಾರಲ್ಲ, ಹಾಗೇ. ಸೀಮೆಬದನೆಗೆ ನಮ್ಮ ‘ಚೌಚೌ’ ಅಂದರೆ ಯಾರಿಗೂ ತಿಳಿಯುವುದಿಲ್ಲ. ಅಮೆರಿಕದವರಿಗೆ ‘ಚಯೋಟೆ’, ಆಸ್ಟ್ರೇಲಿಯಾದವರಿಗೆ ‘ಚೋಕೊ’.

ಕಡುಬು, ಅಕ್ಕಿರೊಟ್ಟಿಗೆ ದಯವಿಟ್ಟು ಇಂಗ್ಲಿಷ್ ಹೆಸರು ಹುಡುಕಬೇಡಿ. ದೊಡ್ಡದಾಗಿ ‘ಕಡುಬು’ ಅಂತಲೇ ಬರೆದು, ಕೆಳಗೆ ಚಿಕ್ಕದಾಗಿ, ಅಕ್ಕಿತರಿಯಲ್ಲಿ ಮಾಡಿ ಹಬೆಯಲ್ಲಿ ಬೇಯಿಸಿದ್ದು ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದರೆ ಸಾಕು. ಹೆಸರು ಅವರು ಕಲಿತುಕೊಂಡು ಹೋಗಲಿ.

ಪ್ರಶ್ನೆ: ನಾವು ಹಾಸನದ ಪಕ್ಕದ ಹಳ್ಳಿಯಲ್ಲಿ ಆಲೂಗಡ್ಡೆ ಬೆಳೆಯುವವರು. ಮಗಳು, ಅಳಿಯ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾರೆ. ಅಲ್ಲಿ ಹೋದಾಗ ಚಿಪ್ಸ್ ಕೇಳಿದೆ, ಬಿಸಿಬಿಸಿ ದಪ್ಪ ತುಂಡು ತಂದುಕೊಟ್ಟರು. ಪಕ್ಕದ ಮನೆಯಾತ ಬಸ್ಸಿಗೆ ‘ಬುಸ್’ ಅನ್ನುತ್ತಾನೆ. ‘ಟೀಗೆ ಬನ್ನಿ’ ಅಂತ ಕರೆದ, ಹೋದರೆ ಪೂರ್ತಿ ಊಟ! (ರೈತ, ಹಾಸನ ತಾಲ್ಲೂಕು)

ಉತ್ತರ: ನಿಮ್ಮ ಬೆಳೆಯದೇ ಪ್ರಶ್ನೆ. ಇಂಗ್ಲೆಂಡಿನಲ್ಲಿ ‘ಚಿಪ್ಸ್’ ಅಂದರೆ ದಪ್ಪಗೆ ಹೆಚ್ಚಿ ಕರಿದು ಬಿಸಿಯಾಗಿ ಕೊಡುವುದು, ಅಮೆರಿಕದಲ್ಲಿ ಅದು ‘ಫ್ರೈಸ್’. ನಾವು ಚಿಪ್ಸ್ ಅನ್ನುವ ತೆಳ್ಳನೆಯ ಗರಿಗರಿ ಬಿಲ್ಲೆಗೆ ಇಂಗ್ಲೆಂಡಿನಲ್ಲಿ ‘ಕ್ರಿಸ್ಪ್ಸ್’. ಸ್ವರದಲ್ಲಿ ಲಂಡನ್ ಕಡೆಗಿರುವ ನಾವು ಇದೊಂದು ಪದದಲ್ಲಿ ಅಮೆರಿಕದ ಜೊತೆ ಇದ್ದೇವೆ. ಪೊಟೇಟೊ ಅನ್ನುವ ಪದ ಸ್ಪ್ಯಾನಿಷಿನ ‘ಪಟಾಟ’ದಿಂದ ಬಂದದ್ದು. ಕೆರಿಬಿಯನ್ ದ್ವೀಪದವರು ಗೆಣಸಿಗೆ ಹೇಳುತ್ತಿದ್ದ ‘ಬಟಾಟ’, ಆಂಡಿಸ್ ಬೆಟ್ಟದವರು ಆಲೂಗಡ್ಡೆಗೆ ಹೇಳುತ್ತಿದ್ದ ‘ಪಾಪ’, ಎರಡೂ ಅದರಲ್ಲಿ ಬೆರೆತಿವೆ. ನಮ್ಮ ಕರಾವಳಿಯವರು ಆಲೂಗಡ್ಡೆಗೆ ಇವತ್ತಿಗೂ ‘ಬಟಾಟೆ’ ಅನ್ನುತ್ತಾರಲ್ಲ, ಅದೂ ಪೋರ್ಚುಗೀಸರ ಕೈಯಿಂದ ಬಂದ ಅದೇ ಪದ.

‘ಬುಸ್’ ಬಗ್ಗೆ. ಪಿ ಯು ಟಿ ‘ಪುಟ್’ ಆದರೆ ಬಿ ಯು ಟಿ ‘ಬಟ್’ ಯಾಕೆ ಅಂತ ನಾವೆಲ್ಲ ಚಿಕ್ಕವರಿದ್ದಾಗ ಕೇಳಿದ ಪ್ರಶ್ನೆ ಇದೆಯಲ್ಲ, ಅದಕ್ಕೆ ಉತ್ತರ ನಿಮ್ಮ ಅಳಿಯನ ಪಕ್ಕದ ಮನೆಯಲ್ಲಿದೆ. ಮೊದಲು ಎಲ್ಲವೂ ‘ಉ’ ಇತ್ತು: ಪುಟ್, ಬುಟ್, ಕುಪ್, ಬುಟರ್. 17ನೇ ಶತಮಾನದಲ್ಲಿ ದಕ್ಷಿಣ ಇಂಗ್ಲೆಂಡಿನವರು ಕೆಲವು ಪದಗಳಲ್ಲಿ ಅದನ್ನು ಹೆಚ್ಚುಕಡಿಮೆ ನಮ್ಮ ‘ಅ’ ಆಗುವಂತೆ ಬಾಯಿ ಬಿಟ್ಟು ಹೇಳತೊಡಗಿದರು. ಪುಟ್, ಫುಲ್, ಬುಷ್ ಇಂಥವು ಮಾತ್ರ ಹಾಗೇ ಉಳಿದವು. ಲೀಡ್ಸ್ ಇರುವುದು ಉತ್ತರದಲ್ಲಿ, ಅಲ್ಲಿನವರು ಬದಲಾಯಿಸಲೇ ಇಲ್ಲ. ಅಲ್ಲಿನ ಮಕ್ಕಳಿಗೆ ‘ಪುಟ್’, ‘ಬುಟ್’ ಪ್ರಾಸವಾಗುತ್ತದೆ, ನಮ್ಮ ಮಕ್ಕಳ ಪ್ರಶ್ನೆ ಅವರಿಗೆ ಹುಟ್ಟುವುದೇ ಇಲ್ಲ.

ಟೀ ಅಂದರೆ ಅಲ್ಲಿ ಸಂಜೆಯ ಊಟ, ‘ಡಿನ್ನರ್’ ಅಂದರೆ ಮಧ್ಯಾಹ್ನದ್ದು. ಮುಂದಿನ ಸಲ ಯಾರಾದರೂ ಟೀಗೆ ಕರೆದರೆ ಹೊಟ್ಟೆ ಖಾಲಿ ಇಟ್ಟುಕೊಂಡೇ ಹೋಗಿ.

ಪ್ರಶ್ನೆ: ಸಕಲೇಶಪುರದ ಅಜ್ಜಿ ನಾನು. ಮೊಮ್ಮಗ ಹುಟ್ಟಿ ಬೆಳೆದದ್ದು ನ್ಯೂಜಿಲೆಂಡಿನಲ್ಲಿ. ವಿಡಿಯೊ ಕಾಲಿನಲ್ಲಿ ‘ಸಿಕ್ಸ್’ ಅಂದರೆ ‘ಸಕ್ಸ್’ ಥರ ಕೇಳಿಸುತ್ತದೆ, ‘ಟೆನ್’ ಅಂದರೆ ‘ಟಿನ್’ ಥರ. ಮಗುವಿಗೆ ಮಾತಿನ ತೊಂದರೆ ಏನಾದರೂ ಇದೆಯಾ? (ಹಿರಿಯ ಓದುಗರು, ಸಕಲೇಶಪುರ)

ಉತ್ತರ: ಅಮ್ಮಾ, ನೀವು ಹೇಳಿದ್ದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಅಲ್ಲಿನ ಮಕ್ಕಳೆಲ್ಲ ಹಾಗೇ ಮಾತಾಡುತ್ತಾರೆ. ಬಸ್ಸಿನಲ್ಲಿ ಒಬ್ಬರು ಸರಿದು ಕೂತರೆ ಪಕ್ಕದವರೂ ಸರಿಯಬೇಕಾಗುತ್ತದಲ್ಲ, ಸ್ವರಗಳೂ ಹಾಗೇ. ನ್ಯೂಜಿಲೆಂಡಿನಲ್ಲಿ ‘ಬ್ಯಾಟ್’ ಸರಿದು ‘ಬೆಟ್’ ಹತ್ತಿರ ಬಂತು, ‘ಟೆನ್’ ಸರಿದು ‘ಟಿನ್’ ಹತ್ತಿರ ಹೋಯಿತು, ‘ಇ’ಗೆ ಅಲ್ಲಿ ಜಾಗ ಸಾಲದೆ ‘ಅ’ ಕಡೆಗೆ ಸರಿಯಿತು. ಹಾಗಾಗಿ ‘ಫಿಶ್’ ಅನ್ನುವುದು ‘ಫಶ್’. ಪಕ್ಕದ ಆಸ್ಟ್ರೇಲಿಯಾದಲ್ಲಿ ‘ಇ’ ಎದುರು ದಿಕ್ಕಿಗೆ ಹೋಗಿದೆ, ಅವರದ್ದು ‘ಫೀಶ್’ ಅಂದ ಹಾಗೆ ಕೇಳಿಸುತ್ತದೆ. ಮೊಮ್ಮಗ ‘ಕೂಮರ’ ತಿಂದೆ ಅಂದರೆ ಗೆಣಸು ತಿಂದ ಅಂತ ತಿಳಿಯಿರಿ, ಅದು ಅಲ್ಲಿನ ಮೂಲನಿವಾಸಿ ಮಾವೊರಿಗಳ ಪದ. ‘ಲಾಲೀಸ್’ ಅಂದರೆ ಪೆಪ್ಪರಮೆಂಟು, ಮಿಠಾಯಿ. ‘ಕಿವಿ’ ಅಂದರೆ ಅವನಿಗೆ ಹಕ್ಕಿ, ಇಲ್ಲವೇ ಆ ದೇಶದ ಮನುಷ್ಯ. ಹಣ್ಣಿಗೆ ‘ಕಿವಿಫ್ರೂಟ್’ ಅನ್ನಬೇಕು. ಮೊದಲು ಅದಕ್ಕೆ ‘ಚೈನೀಸ್ ಗೂಸ್‌ಬೆರಿ’ ಅಂತ ಹೆಸರಿತ್ತು, 1959ರಲ್ಲಿ ಹೊರದೇಶಕ್ಕೆ ಮಾರುವುದಕ್ಕೋಸ್ಕರ ಅಲ್ಲಿನವರು ಹೊಸ ಹೆಸರಿಟ್ಟರು.

ಪ್ರಶ್ನೆ: ಸರ್, ಹಾಸನದವನು. ಬೆಂಗಳೂರಿನಲ್ಲಿ ಕೆಲಸ, ದಿನಾ ಅಮೆರಿಕದವರ ಜೊತೆ ಫೋನು. ನನ್ನ ‘ಕೇಕ್’, ‘ಗೋಟ್’ ಹಳ್ಳಿ ಥರ ಇದೆ ಅಂತ ಜೊತೆಯವರು ನಗುತ್ತಾರೆ. ‘ಕಾಂಟ್’ ಅಂದರೆ ಆ ಕಡೆಯವರಿಗೆ ತಿಳಿಯುವುದಿಲ್ಲ. ನಮ್ಮಜ್ಜಿ ತೋಟಕ್ಕೆ ‘ತ್ವಾಟ’, ಪೇಟೆಗೆ ‘ಪ್ಯಾಟೆ’ ಅನ್ನುವವರು. ಅದು ನನಗೂ ಬಂದುಬಿಟ್ಟಿದೆಯೇನೋ ಅಂತ ನಾಚಿಕೆಯಾಗುತ್ತದೆ. (ಇಂಜಿನಿಯರ್, 26)

ಉತ್ತರ: ತಮ್ಮಾ, ಮೊದಲು ಅಜ್ಜಿಯ ವಿಷಯ. ಅಜ್ಜಿ ಮೇಕೆಗೆ ‘ಮ್ಯಾಕೆ’, ಗೋಡೆಗೆ ‘ಗ್ವಾಡೆ’, ಮೇಲೆ ಅನ್ನುವುದಕ್ಕೆ ‘ಮ್ಯಾಲೆ’ ಅನ್ನುತ್ತಾರೆ, ಸರಿ. ಕೋಳಿಗೆ ಎಂದಾದರೂ ‘ಕ್ವಾಳಿ’ ಅಂದಿದ್ದಾರಾ? ಬೇಲಿಗೆ ‘ಬ್ಯಾಲಿ’, ಬೇರಿಗೆ ‘ಬ್ಯಾರು’ ಅಂದಿದ್ದಾರಾ? ಇಲ್ಲ. ಮುಂದಿನ ಅಕ್ಷರದಲ್ಲಿ ‘ಅ’ ಅಥವಾ ‘ಎ’ ಇದ್ದರೆ ಮಾತ್ರ ಅವರ ಬಾಯಿ ಅಗಲವಾಗುತ್ತದೆ. ‘ಇ’, ‘ಉ’ ಇದ್ದರೆ ಆಗುವುದಿಲ್ಲ. ಇದು ಕೆಟ್ಟ ಕನ್ನಡ ಅಲ್ಲ, ಅಚ್ಚುಕಟ್ಟಾದ ನಿಯಮ. ಯಾರೂ ಹೇಳಿಕೊಡದೆ ಅಜ್ಜಿ ಅದನ್ನು ಒಮ್ಮೆಯೂ ತಪ್ಪುವುದಿಲ್ಲ. ಇಂಗ್ಲೆಂಡಿನವರು ಗ್ಲಾಸಿನಲ್ಲಿ ಎಳೆದು ಗ್ಯಾಸಿನಲ್ಲಿ ಎಳೆಯದೆ ಬಿಟ್ಟದ್ದಕ್ಕೆ ಇಷ್ಟು ಶುದ್ಧವಾದ ನಿಯಮ ಸಿಗುವುದಿಲ್ಲ. ಇನ್ನೊಂದು ಮಾತು: ಅಜ್ಜಿಯ ‘ಪ್ಯಾಟೆ’ಯಲ್ಲಿರುವ ಸ್ವರ ನಿಮ್ಮ ಅಮೆರಿಕದವರ ‘ಬ್ಯಾತ್’ನಲ್ಲಿರುವ ಸ್ವರಕ್ಕೆ ಬಹಳ ಹತ್ತಿರ. ಶಾಲೆಯ ಕನ್ನಡದಲ್ಲಿ ಅದಕ್ಕೊಂದು ಅಕ್ಷರ ಇಲ್ಲದ್ದರಿಂದ ‘ಯಾ’ ಒತ್ತು ಹಾಕಿ ಬರೆಯುತ್ತೇವೆ, ಅಷ್ಟೇ. ನಿಮಗೆ ಆ ಸ್ವರ ಸಲೀಸಾಗಿ ಬರುವುದಿದ್ದರೆ ಅದು ಅಜ್ಜಿ ಕೊಟ್ಟದ್ದು.

‘ಕೇಕ್’, ‘ಗೋಟ್’ ಕೂಡ ಹಾಗೇ. ಲಂಡನ್ನಿನವರು ಆ ಸ್ವರವನ್ನು ಒಂದು ಕಡೆ ಶುರುಮಾಡಿ ಇನ್ನೊಂದು ಕಡೆ ಮುಗಿಸುತ್ತಾರೆ, ‘ಕೆಯ್ಕ್’ ಅಂದ ಹಾಗೆ. ನಾವು ನೆಟ್ಟಗೆ ‘ಏ’, ನೆಟ್ಟಗೆ ‘ಓ’ ಅನ್ನುತ್ತೇವೆ. ಸ್ಕಾಟ್ಲೆಂಡಿನವರೂ ಉತ್ತರ ಇಂಗ್ಲೆಂಡಿನ ಬಹಳ ಜನರೂ ನೆಟ್ಟಗೇ ಹೇಳುತ್ತಾರೆ. ಅವರನ್ನು ಯಾರೂ ನಿಲ್ಲಿಸಿ ತಿದ್ದುವುದಿಲ್ಲ. ನಿಮ್ಮನ್ನು ನೋಡಿ ನಕ್ಕವರಿಗೆ ಇದನ್ನು ಹೇಳಿ.

‘ಕಾಂಟ್’ ಮಾತ್ರ ನಿಜವಾದ ತೊಂದರೆ, ಅದನ್ನು ಸರಿಮಾಡಿಕೊಳ್ಳಬೇಕು. ಅಮೆರಿಕದವರಿಗೆ ಅದು ‘ಕ್ಯಾಂಟ್’. ಕೊನೆಯ ‘ಟ್’ ಅವರೇ ಅರ್ಧ ನುಂಗುತ್ತಾರೆ. ಆಗುತ್ತೆ ಅನ್ನುವ ‘ಕ್ಯಾನ್’ ಅನ್ನು ಒತ್ತಿ ಹೇಳದೆ ‘ಕನ್’ ಅಂತ ಹಗುರವಾಗಿ ಬಿಡುತ್ತಾರೆ, ಆಗಲ್ಲ ಅನ್ನುವುದನ್ನು ಒತ್ತಿ ಹೇಳುತ್ತಾರೆ. ನಾವು ಎರಡನ್ನೂ ಒತ್ತಿದರೆ ಅವರಿಗೆ ಆಗುತ್ತೋ ಆಗಲ್ಲವೋ ಗೊತ್ತಾಗುವುದಿಲ್ಲ. ಕೆಲಸದ ಮಾತಿನಲ್ಲಿ ಸುಮ್ನೆ ‘ಕೆನಾಟ್’ ಅಂತ ಪೂರ್ತಿ ಹೇಳಿಬಿಡಿ. ಯಾವ ದೇಶದವರಿಗೂ ಅನುಮಾನ ಬರುವುದಿಲ್ಲ.

ಪ್ರಶ್ನೆ: ಕಾಫಿ ಅನ್ನುವುದನ್ನು ಸರಿಯಾಗಿ ಹೇಳುವುದು ಹೇಗೆ? ನಮ್ಮ ತೋಟದ ರೈಟರು ‘ಕಾಪಿ’ ಅನ್ನುತ್ತಾರೆ. (ಓದುಗ, ಚಿಕ್ಕಮಗಳೂರು)

ಉತ್ತರ: ಅರಬ್ಬಿಯಲ್ಲಿ ‘ಕಹ್ವಾ’, ಟರ್ಕಿಯಲ್ಲಿ ‘ಕಹ್ವೆ’, ಡಚ್ಚರಲ್ಲಿ ‘ಕೋಫಿ’, ಆಮೇಲೆ ಇಂಗ್ಲಿಷ್. ಲಂಡನ್ನಿನಲ್ಲಿ ತುಟಿ ಗುಂಡಗೆ ಮಾಡಿ ಗಿಡ್ಡವಾಗಿ ಹೇಳುತ್ತಾರೆ. ಅದಕ್ಕೂ ಕನ್ನಡದಲ್ಲಿ ಅಕ್ಷರವಿಲ್ಲ, ಹಾಗಾಗಿ ಡಾಕ್ಟರು, ಬಾಕ್ಸು, ಕಾಫಿ ಎಲ್ಲಕ್ಕೂ ‘ಆ’ ಹಾಕಿಕೊಂಡೆವು. ಕ್ಯಾಲಿಫೋರ್ನಿಯಾದವರೂ ತುಟಿ ಗುಂಡಗೆ ಮಾಡದೆ ನಮ್ಮ ಹಾಗೇ ‘ಕಾಫಿ’ ಅನ್ನುತ್ತಾರೆ. ನ್ಯೂಯಾರ್ಕಿನ ಹಳಬರದ್ದು ‘ಕ್ವಾಫಿ’, ಮೇಲಿನ ಅಜ್ಜಿಯ ‘ತ್ವಾಟ’ ನೆನಪಿಸಿಕೊಳ್ಳಿ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ನಿಮ್ಮ ಬೆಟ್ಟದಲ್ಲಿ ನೆಟ್ಟರು ಅಂತ ನಾವೆಲ್ಲ ಕೇಳಿ ಬೆಳೆದಿದ್ದೇವೆ. ಆ ಬೀಜದ ಜೊತೆ ಬಂದಿರಬಹುದಾದ ಹೆಸರಿಗೆ ಇಂಗ್ಲಿಷಿನ ‘ಕಾಫಿ’ಯೂ ದೂರ, ರೈಟರ ‘ಕಾಪಿ’ಯೂ ದೂರ. ಅವರು ಹಾಗೇ ಹೇಳಲಿ ಬಿಡಿ.

ಪ್ರಶ್ನೆ: ಟೊಮಾಟೊ ಸರಿಯೋ ಟೊಮೇಟೊ ಸರಿಯೋ? (ಕಾಲೇಜು ವಿದ್ಯಾರ್ಥಿನಿ, ಕಡೂರು)

ಉತ್ತರ: ಟೊಮಾಟೊ ಇಂಗ್ಲೆಂಡಿನದು, ಟೊಮೇಟೊ ಅಮೆರಿಕದ್ದು. ಎರಡೂ ಮೆಕ್ಸಿಕೋದ ನಹುವಾಟ್ಲ್ ಭಾಷೆಯ ‘ತೊಮಾಟ್ಲ್’ನಿಂದ ಬಂದವು. ಇಂಗ್ಲೆಂಡಿನವರಿಗೆ ‘ಆ’ ಇಷ್ಟ ಅಂತ ನಿಯಮ ಮಾಡಿಕೊಳ್ಳಬೇಡಿ. ಪಾಸ್ತಾಕ್ಕೆ ಅವರೇ ‘ಪ್ಯಾಸ್ಟ’ ಅನ್ನುತ್ತಾರೆ, ಅಮೆರಿಕದವರು ‘ಪಾಸ್ಟ’ ಅನ್ನುತ್ತಾರೆ! ಬನಾನಾ ಅಮೆರಿಕದಲ್ಲಿ ‘ಬನ್ಯಾನ’. ಕಾಮಕಸ್ತೂರಿಗೆ ಇಂಗ್ಲೆಂಡಿನಲ್ಲಿ ‘ಬ್ಯಾಜಿಲ್’, ಅಮೆರಿಕದಲ್ಲಿ ಹೆಚ್ಚಾಗಿ ‘ಬೇಜಿಲ್’. ಒಂದೊಂದನ್ನೂ ಬೇರೆಬೇರೆಯಾಗಿಯೇ ಕಲಿಯಬೇಕು.

ಪ್ರಶ್ನೆ: ದೆಹಲಿಯ ಗೆಳೆಯರು ನಮ್ಮೂರನ್ನು ‘ಹಸನ್’ ಅನ್ನುತ್ತಾರೆ. ಎಷ್ಟು ಹೇಳಿದರೂ ತಿದ್ದಿಕೊಳ್ಳುವುದಿಲ್ಲ. (ಓದುಗ, ಹಾಸನ)

ಉತ್ತರ: ತಪ್ಪು ಅವರದ್ದಲ್ಲ, ಸ್ಪೆಲ್ಲಿಂಗಿನದು. ಇಂಗ್ಲಿಷಿನಲ್ಲಿ ವ್ಯಂಜನ ಎರಡು ಸಲ ಬಂದರೆ ಹಿಂದಿನ ಸ್ವರ ಸಾಮಾನ್ಯವಾಗಿ ಗಿಡ್ಡ. ನಮ್ಮೂರಿನ ಹೆಸರಿಗೆ ‘ಎಸ್’ ಎರಡು ಹಾಕಿದ್ದಾರೆ, ಕೊನೆಯ ‘ಅ’ ಬಿಟ್ಟಿದ್ದಾರೆ. ಓದಿದವರು ‘ಹಸನ್’ ಅನ್ನದೆ ಇನ್ನೇನು ಅಂದಾರು? 2014ರ ನವೆಂಬರ್ 1ರಂದು ಚಿಕ್ಕಮಗಳೂರು ಸೇರಿ 12 ಊರುಗಳ ಇಂಗ್ಲಿಷ್ ಸ್ಪೆಲ್ಲಿಂಗ್ ಕನ್ನಡಕ್ಕೆ ಹೊಂದುವಂತೆ ಬದಲಾಯಿತು, ಆ ಪಟ್ಟಿಯಲ್ಲಿ ನಮ್ಮೂರು ಇರಲಿಲ್ಲ. ನಾವೇ ಮಾತಿನಲ್ಲಿ ‘ಹ’ ಬಿಟ್ಟು ‘ಆಸ್ನ’ ಅನ್ನುತ್ತೇವೆ, ಲಂಡನ್ನಿನ ಪೂರ್ವದ ಕೇರಿಗಳ ಜನ ‘ಹೌಸ್’ಗೆ ‘ಔಸ್’ ಅನ್ನುವ ಹಾಗೆ. ಗೆಳೆಯರಿಗೆ ಮೆಸೇಜು ಮಾಡುವಾಗ ‘ಎಚ್’ ಆದ ಮೇಲೆ ‘ಎ’ ಎರಡು ಸಲ, ‘ಎಸ್’ ಒಂದೇ ಸಲ, ಕೊನೆಗೆ ತಪ್ಪದೆ ಒಂದು ‘ಎ’ ಹಾಕಿ ಬರೆಯಿರಿ. ರೈಲು ಟಿಕೆಟ್ ಬುಕ್ ಮಾಡುವಾಗ ಮಾತ್ರ ಹಳೆಯ ಸ್ಪೆಲ್ಲಿಂಗೇ ಹಾಕಿ.